ತಲಪಾಡಿ ಗೇಟಿನ ಆಚೆ ಈಚೆ: ಎಂಡಿಎಂಎ, ಗಾಂಜಾ ಮತ್ತೆ ನಮ್ಮ ಹುಡುಗ್ರು

ಗೇಟಿನ ಹತ್ರದವ
ಬರೆಯುದಾ ಬೇಡ್ವಾ ಅಂತ ಮೂರು ದಿನ ಆಯ್ತು ಯೋಚ್ನೆ ಮಾಡ್ತಾ. ನಮ್ಮ ಮನೆ ಕೇರಳ ಗಡಿಯ ತಲಪಾಡಿ ಗೇಟಿಂದ ಈಚೆ, ಸ್ಕೂಟರಲ್ಲಿ ಐದು ನಿಮಿಷ. ಪಕ್ಕದ ಮನೆ ಹುಡುಗ, 21 ವರ್ಷ, ಸಣ್ಣದಿರುವಾಗ ನಮ್ಮ ಅಂಗಳದಲ್ಲೇ ಬಿದ್ದು ಎದ್ದು ಬೆಳೆದವ, ಹೋದ ವಾರ ಕೇರಳದ ಬದಿಯಲ್ಲಿ ಬಸ್ಸಿಂದ ಇಳಿಸಿ ಹಿಡಿದಿದ್ದಾರೆ. ಟಿಫಿನ್ ಬ್ಯಾಗಿನ ಅಡಿಯಲ್ಲಿ ಸಣ್ಣ ಪ್ಯಾಕೆಟ್ಟು, 12 ಗ್ರಾಂ, ಎಂಡಿಎಂಎ (ಹರಳಿನ ಹಾಗಿರುವ ಅಮಲು ಪದಾರ್ಥ) ಅಂತ ಕೇಸು. ಅವನ ಅಮ್ಮ ನನ್ನ ಹತ್ರ ಕೇಳ್ತಾರೆ, "12 ಗ್ರಾಂ ಅಂದ್ರೆ ಒಂದೂವರೆ ಪವನು, ಅಷ್ಟು ಸಣ್ಣದಕ್ಕೆ ಬೇಲ್ ಇಲ್ವಾ?" ಅಂತ. ಚಿನ್ನದ ಲೆಕ್ಕ ಬಿಟ್ರೆ ಅವ್ರಿಗೆ ಗ್ರಾಂ ಗೊತ್ತಿಲ್ಲ. ಮಹಜರು ಪೇಪರು ಮಲಯಾಳಂನಲ್ಲಿ ಉಂಟು, ಓದ್ಲಿಕ್ಕೆ ಉಪ್ಪಳದ ನನ್ನ ಫ್ರೆಂಡಿಗೆ ಫೋಟೋ ಕಳಿಸಿದೆ.

ನನ್ನ ಪ್ರಶ್ನೆ ಬೇರೆ. ಸಾಮಾನು ಬಂದದ್ದು ಬೆಂಗಳೂರಿಂದ ಅಂತೆ, ಕೈ ಬದಲಾದದ್ದು ಮಂಗಳೂರಲ್ಲಿ, ಸಿಕ್ಕಿದ್ದು ಕೇರಳದಲ್ಲಿ. ಹಾಗಾದ್ರೆ ಕೊಟ್ಟವನನ್ನು ಹುಡುಕುವುದು ಯಾರ ಕೆಲಸ? ಈ ಕಡೆ ಕೇಳಿದ್ರೆ ಕೇಸು ಆ ಕಡೆದ್ದು ಅಂತಾರೆ, ಆ ಕಡೆ ಕೇಳಿದ್ರೆ ಸೋರ್ಸು ನಿಮ್ಮ ಕಡೆದ್ದು ಅಂತಾರೆ.

ನೇರಮಾತು
ಬೇಜಾರ್ ಮಾಡ್ಕೋಬೇಡಿ, 12 ಗ್ರಾಂ ಯಾರೂ ಸ್ವಂತಕ್ಕೆ ಅಂತ ಇಟ್ಕೊಂಡು ಬಸ್ಸಲ್ಲಿ ಓಡಾಡಲ್ಲ. ಪಕ್ಕದ್ಮನೆ ಹುಡ್ಗ ಅಂದ್ಕೂಡ್ಲೆ ನಿಮಗೆ ಪಾಪ ಅನ್ಸ್ತಿದೆ, ಇದೇ ಬೇರೆ ಊರಿನವನಾಗಿದ್ರೆ ನೀವೇ ಒದ್ದು ಒಳಗಾಕ್ರಿ ಅಂತಿದ್ರಿ. ಸಿಂಗಾಪುರ ತರ ಗಲ್ಲಿಗೆ ಹಾಕಿದ್ರೆ ಎರಡೇ ತಿಂಗಳಲ್ಲಿ ಎಲ್ಲಾ ನಿಲ್ಲುತ್ತೆ.

ಕಂಡಕ್ಟರ್ ಕುಡ್ಲ
ನೇರಮಾತು ಅವ್ರೇ, ಗಲ್ಲಿಗೆ ಹಾಕುವುದು ಆಮೇಲೆ, ಮೊದ್ಲು ಹಿಡಿಯುವುದು ಯಾರನ್ನು ಹೇಳಿ. ನಾನು ಮಂಗಳೂರು ಕಾಸರಗೋಡು ಲೈನಲ್ಲಿ ಒಂಬತ್ತು ವರ್ಷ ಆಯ್ತು. 50 ಕಿಲೋಮೀಟರ್ ದಾರಿ, ಬೆಳಿಗ್ಗೆ ಆ ಕಡೆಯಿಂದ ಬರುವ ಬಸ್ಸಲ್ಲಿ ನಿಲ್ಲಿಕ್ಕೆ ಜಾಗ ಇಲ್ಲ. ದೇರಳಕಟ್ಟೆ, ಮಂಗಳೂರಿನ ಕಾಲೇಜು ಮಕ್ಕಳು, ಆಸ್ಪತ್ರೆಗೆ ಹೋಗುವ ಅಜ್ಜಿಯಂದಿರು, ಎಕ್ಸರೇ ಕವರು ಹಿಡ್ಕೊಂಡವ್ರು, ಮೀನಿನ ಬುಟ್ಟಿ. ಸಂಜೆ ಅದೇ ಜನ ವಾಪಾಸು. ಬಸ್ ನಿಲ್ಸಿ ಚೆಕ್ ಮಾಡ್ಲಿಕ್ಕೆ ಹತ್ತಿದವರು ಎಷ್ಟು ಬ್ಯಾಗ್ ತೆಗೀಬಹುದು? ಕಡೇ ಸೀಟಲ್ಲಿ ಇಯರ್‌ಫೋನ್ ಹಾಕಿ ಕೂತ ನಾಲ್ಕು ಹುಡುಗರದ್ದು ತೆಗೀತಾರೆ, ಮುಂದೆ ಸೀರೆ ಉಟ್ಟು ಕೂತವ್ರದ್ದು ಮುಟ್ಟುದಿಲ್ಲ. ಸಾಗಿಸುವವ್ರಿಗೆ ಇದು ಗೊತ್ತಿಲ್ಲ ಅಂದ್ಕೊಂಡಿದ್ದೀರಾ.

ಮತ್ತೆ ಹೈವೇ ಗೇಟು ಒಂದೇ ಅಂತ ಯಾರು ಹೇಳಿದ್ದು. 2020ರ ಮಾರ್ಚಲ್ಲಿ ಕೊರೋನಾ ಅಂತ ಗಡಿ ಬಂದ್ ಮಾಡಿದ್ರಲ್ಲ, ಒಳರಸ್ತೆಗೆಲ್ಲ ಮಣ್ಣು ಸುರಿದ್ರು, ಆಗ್ಲೇ ನಮಗೇ ಗೊತ್ತಾದದ್ದು ಇಷ್ಟೊಂದು ದಾರಿ ಉಂಟಾ ಅಂತ. ಒಬ್ರ ತೋಟದ ಅರ್ಧ ಕರ್ನಾಟಕ, ಅರ್ಧ ಕೇರಳ. ಮೊದ್ಲೆಲ್ಲ ಈ ದಾರಿಯಲ್ಲಿ ನಮ್ಮ ಕಡೆಯ ಟೆಟ್ರಾ ಪ್ಯಾಕ್ ಸಾರಾಯಿ ಆಚೆ ಹೋಗ್ತಿತ್ತು, ಹೊಯ್ಗೆ, ಅಂದ್ರೆ ಮರಳು, ಹೋಗ್ತಿತ್ತು. ದಾರಿ ಹಳೇದೇ, ಸಾಮಾನು ಮಾತ್ರ ಹೊಸ್ತು. ಒಂದು ಲಾರಿ ಹೊಯ್ಗೆ ದಾಟಿಸ್ಬೇಕಾದ್ರೆ ಹತ್ತು ಜನರ ಕೈ ಬಿಸಿ ಮಾಡ್ಬೇಕಿತ್ತು, ಇದು ಕಿಸೆಯಲ್ಲಿ ಹೋಗ್ತದೆ.

ವಕೀಲಮ್ಮ
ಗೇಟಿನ ಹತ್ರದವರೇ, ಆ ತಾಯಿಗೆ ಹೀಗೆ ಹೇಳಿ. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ 1985ರದ್ದು, ಅದ್ರಲ್ಲಿ ತೂಕವೇ ದೇವರು. ಗಾಂಜಾ ಆದ್ರೆ 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ಮೇಲೆ ವಾಣಿಜ್ಯ ಪ್ರಮಾಣ. ಹೆರಾಯಿನ್ 5 ಗ್ರಾಂ, 250 ಗ್ರಾಂ. ಎಂಡಿಎಂಎ ಮಾತ್ರ ಅರ್ಧ ಗ್ರಾಂವರೆಗೆ ಸಣ್ಣದು, 10 ಗ್ರಾಂ ದಾಟಿದ್ರೆ ವಾಣಿಜ್ಯ. ವಾಣಿಜ್ಯ ಅಂದ್ರೆ ಕನಿಷ್ಠ 10 ವರ್ಷ, 20ರವರೆಗೆ ಹೋಗಬಹುದು, ದಂಡ ಕನಿಷ್ಠ 1 ಲಕ್ಷ. ಅದಕ್ಕಿಂತ ದೊಡ್ಡ ಗೋಡೆ ಸೆಕ್ಷನ್ 37: ಇವನು ತಪ್ಪು ಮಾಡಿಲ್ಲ ಅಂತ ನಂಬೋಕೆ ಕಾರಣ ಇದೆ, ಹೊರಗೆ ಬಂದ್ರೂ ಮತ್ತೆ ಮಾಡಲ್ಲ ಅಂತ ಕೋರ್ಟಿಗೇ ಅನಿಸ್ಬೇಕು, ಆಗ ಮಾತ್ರ ಬೇಲು. ಸಕ್ಕರೆ ಪುಡಿ ಬೆರೆಸಿದ್ದಾರೆ, ನಿಜವಾದ ಮಾಲು ಕಮ್ಮಿ ಅನ್ನೋ ವಾದ ಈಗ ನಡೆಯಲ್ಲ, 2020ರ ಹೀರಾ ಸಿಂಗ್ ತೀರ್ಪಲ್ಲಿ ಬೆರಕೆ ಸೇರಿ ಪೂರ್ತಿ ತೂಕ ಲೆಕ್ಕ ಅಂತ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ.

ಆದ್ರೆ ಒಂದು ವಿಷಯ ಇದೆ. ರಸ್ತೆಯಲ್ಲಿ ಹರಳು ಹರಳಾಗಿ ಸಿಕ್ಕಿದ್ದನ್ನೆಲ್ಲ ಎಂಡಿಎಂಎ ಅಂತಲೇ ಬರೀತಾರೆ. ಲ್ಯಾಬ್ ರಿಪೋರ್ಟಲ್ಲಿ ಅದು ಮೆಥಾಂಫೆಟಮಿನ್ ಅನ್ನೋ ಬೇರೆ ಮಾದಕ ಅಂತ ಬಂದ್ರೆ ವಾಣಿಜ್ಯ ಮಿತಿ 50 ಗ್ರಾಂ. ಆಗ ನಿಮ್ಮ ಹುಡುಗನ 12 ಗ್ರಾಂ ಮಧ್ಯಮ ಪ್ರಮಾಣಕ್ಕೆ ಇಳಿಯುತ್ತೆ, 37ರ ಗೋಡೆ ಇರಲ್ಲ. ರಿಪೋರ್ಟ್ ಬರೋತನಕ ತಲೆ ಕೆಡಿಸ್ಕೊಂಡು ಪ್ರಯೋಜನ ಇಲ್ಲ. ಆ ಮಧ್ಯೆ ಯಾರಾದ್ರೂ "ಎರಡು ಲಕ್ಷ ಕೊಡಿ ಮ್ಯಾನೇಜ್ ಮಾಡ್ತೀನಿ" ಅಂತ ಬರ್ತಾರೆ, ಬಂದೇ ಬರ್ತಾರೆ, ಕೊಡಬೇಡಿ.

ಗೇಟಿನ ಹತ್ರದವ
ಆಗ್ಲೇ ಬಂದಾಯ್ತು ಮೇಡಂ, ನಿನ್ನೆ. ಎರಡಲ್ಲ, ಒಂದೂವರೆಗೆ ಮಾಡ್ತೇನೆ ಅಂದ.

ಬಿಸಿಲನಾಡಿನವ
ನೀವೆಲ್ಲಾ ಕೇರಳ ಕೇರಳ ಅಂತೀರಿ, ನಮ್ಮ ಕಡಿ ಬಾರ್ಡರ್ ಬಗ್ಗೆ ಯಾರೂ ಮಾತಾಡಂಗಿಲ್ಲ. ಬೀದರ ಕಲಬುರಗಿಗೆ ಒಂದು ಬಾಜೂ ತೆಲಂಗಾಣ, ಒಂದು ಬಾಜೂ ಮಹಾರಾಷ್ಟ್ರ. ಗಾಂಜಾ ಬರೋದು ಆಂಧ್ರ ಒಡಿಶಾ ಗಡಿ ಬೆಟ್ಟದಾಗಿಂದ, ಮಲ್ಕಾನ್‌ಗಿರಿ ಕೊರಾಪುಟ್ ಕಡಿಂದ, ನಮ್ಮೂರು ಬರೇ ನಡುವಿನ ಸ್ಟಾಪ್ ಅದ. 2020ರಾಗ ಬೆಂಗಳೂರು ಪೊಲೀಸ್ರು ಬಂದು ಕಾಳಗಿ ಕಡಿ ಒಂದು ಕುರಿ ದೊಡ್ಡ್ಯಾಗ ನೆಲದ ಕೆಳಗ ಹುಗಿದಿಟ್ಟಿದ್ದ ಸಾವಿರ ಕೆಜಿಗಿಂತ ಜಾಸ್ತಿ ಗಾಂಜಾ ಎತ್ತಿದ್ರು. ನೆನಪದ ಏನ್ರೀ? ಮ್ಯಾಲೆ ಕುರಿ ಮಲಗ್ಯಾವ, ಕೆಳಗ ಗೋದಾಮು! ಬೆಂಗಳೂರಾಗ ಸಣ್ಣ ಮಾಲಿನ ಮ್ಯಾಲೆ ಸಿಕ್ಕವನ ಬೆನ್ನ ಹತ್ತಿ ಬಂದಿದ್ದಕ್ಕ ಸಿಕ್ತು, ಇಲ್ಲೇ ಇದ್ದವರಿಗೆ ವಾಸನೀನೂ ಬಂದಿರಲಿಲ್ಲ.

2022ರ ಸೆಪ್ಟೆಂಬರದಾಗ ಇನ್ನೊಂದು ಆತು. ಕಮಲಾಪುರದ ಇನ್ಸ್‌ಪೆಕ್ಟರ್ ಒಬ್ಬರು ಗಾಂಜಾ ಹಿಡಿಯಾಕ ಗಡಿ ದಾಟಿ ಮಹಾರಾಷ್ಟ್ರದ ಉಮರ್ಗಾ ಕಡಿ ಹೊಲಕ್ಕ ಹೋಗಿದ್ರು, ಕತ್ತಲದಾಗ ಹತ್ತಾರು ಮಂದಿ ಸುತ್ತಗಟ್ಟಿ ಹೊಡದ್ರು, ಸಾವಿನ ಬಾಯಾಗಿಂದ ವಾಪಸ್ ಬಂದ್ರು, ಏರ್ ಆಂಬುಲೆನ್ಸ್‌ನಾಗ ಬೆಂಗಳೂರಿಗೆ ಒಯ್ದಿದ್ರು. ಗಡಿ ದಾಟಿ ಹೋದ ಪೊಲೀಸರಿಗೆ ಹಿಂಗ ಆಗ್ತದ. ಹೋಗದಿದ್ರ ಮಂದಿ ಮಲಗ್ಯಾರ ಅಂತೀರಿ.

ನೇರಮಾತು
ಅದಕ್ಕೇ ಹೇಳೋದು, ಗಲ್ಲೂ ಬೇಡ, ಎನ್‌ಕೌಂಟರೇ ಮಾಡ್ಬೇಕು ಅಂತ.

ಬಿಸಿಲನಾಡಿನವ
ಯಾರಿಗ್ರೀ? ಬೆಟ್ಟದಾಗ ಬೆಳೆಯೋ ಆದಿವಾಸಿಗೋ, ಟೊಮೆಟೊ ಕೆಳಗ ಇಟ್ಕೊಂಡು ಬರೋ ಡ್ರೈವರಗೋ? ರೊಕ್ಕ ಹಾಕಿದವ ಇವೆರಡೂ ಜಾಗದಾಗ ಇರಂಗಿಲ್ಲ.

ಗುಂಡ್ಲುಪೇಟೆ ಚೆಂಡುಹೂವು
ನಮ್ ಕಡೆ ಏನ್ ಗೊತ್ತಾ ಅಣ್ಣ, ಬಂಡೀಪುರ ಕಾಡಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ಗಂಟ ಗಾಡಿ ಬಿಡಕಿಲ್ಲ. 6 ಗಂಟೆಗೆ ಗೇಟ್ ತೆಗುದ್ರೆ ತರಕಾರಿ ಲಾರಿ, ಹೂವಿನ ಗಾಡಿ, ಬೆಂಗಳೂರು ನಂಬರ್ ಕಾರು ಎಲ್ಲಾ ಒಟ್ಟಿಗೆ ವಯನಾಡು ಕಡೆ ನುಗ್ತವೆ. ಮುತ್ತಂಗದಲ್ಲಿ ಕೇರಳ ಎಕ್ಸೈಸ್‌ನವ್ರು ನಿಂತಿರ್ತಾರೆ. ಅಲ್ಲಿ ಎಕ್ಸೈಸ್ ಅಂದ್ರೆ ದಿನಾ ಗಾಂಜಾ ಎಂಡಿಎಂಎ ಕೇಸು ಹಾಕೋ ಇಲಾಖೆ, ನಮ್ ಕಡೆ ಅಬಕಾರಿ ಅಂದ್ರೆ ಜನಕ್ಕೆ ಬ್ರಾಂದಿ ಅಂಗ್ಡಿ ಲೈಸೆನ್ಸ್ ಅಷ್ಟೇಯ ಗ್ಯಾನ. ಅಧಿಕಾರ ಇಬ್ರಿಗೂ ಅದೆ ಅಂತಾರಪ್ಪ. ನಮ್ಮ ಹೂವಿನ ಗಾಡಿನೂ ಓಣಂ ಟೈಮಲ್ಲಿ ಪೂರ್ತಿ ಇಳಿಸಿ ನೋಡುದ್ರು ಒಂದ್ಸಲ, ಹೂವೆಲ್ಲಾ ಬಾಡೋಯ್ತು, ಯಾರಿಗೇಳೋದು. ಆದ್ರೂ ನೋಡ್ಲಿ ಬಿಡಿ ಅನ್ಸುತ್ತೆ ಈಗ ಇದ್ನೆಲ್ಲ ಓದುದ್ ಮೇಲೆ. ಕುಟ್ಟ, ಬಾವಲಿ, ಮಾಕುಟ್ಟ ಎಲ್ಲಾ ಗಡಿ ಗೇಟಲ್ಲೂ ಇದೇ ಕತೆ ಅಂತ ಡ್ರೈವರ್‌ಗೋಳು ಯೋಳ್ತಾರೆ.

ವಕೀಲಮ್ಮ
ಮೊದಲ ಪ್ರಶ್ನೆಗೆ ಬರ್ತೀನಿ, ಕೊಟ್ಟವನನ್ನ ಹುಡುಕೋದು ಯಾರು ಅಂತ. ಹಿಡಿದವರೇ ಹುಡುಕಬೇಕು, ಸೆಕ್ಷನ್ 29ರಲ್ಲಿ ಒಳಸಂಚು ಅಂತ ಬೇರೆ ರಾಜ್ಯದವನನ್ನೂ ಸೇರಿಸಬಹುದು, ಕಾನೂನಿನ ಅಡ್ಡಿ ಏನಿಲ್ಲ. ಅಡ್ಡಿ ಇರೋದು ಕೆಲಸದಲ್ಲಿ. 2020ರ ತೂಫಾನ್ ಸಿಂಗ್ ತೀರ್ಪಾದ ಮೇಲೆ ಅಧಿಕಾರಿ ಮುಂದೆ ಹುಡುಗ "ಇಂಥವನು ಕೊಟ್ಟ" ಅಂತ ಹೇಳಿದ್ದು ತಪ್ಪೊಪ್ಪಿಗೆಯಾಗಿ ನಿಲ್ಲಲ್ಲ. ಸರಿಯಾದ ತೀರ್ಪೇ, ನನಗೇನೂ ತಕರಾರಿಲ್ಲ, ಇಲ್ಲಾಂದ್ರೆ ಹೊಡೆದು ಯಾರ ಹೆಸರು ಬೇಕಾದ್ರೂ ಬರೆಸ್ಕೊಳ್ತಿದ್ರು. ಆದ್ರೆ ಅದ್ರ ಅರ್ಥ ಏನು, ಫೋನ್ ಡೇಟಾ, ಯುಪಿಐ, ಟವರ್ ಲೊಕೇಶನ್, ಲಾಡ್ಜ್ ರಿಜಿಸ್ಟರ್ ಎಲ್ಲಾ ಕೂತು ಜೋಡಿಸ್ಬೇಕು. ವಾರಗಟ್ಟಲೆ ಬೆಂಗಳೂರಲ್ಲಿ ಟೀಮ್ ಕೂರಬೇಕು. ಠಾಣೆಯಲ್ಲಿ ಬಂದೋಬಸ್ತು, ಜಾತ್ರೆ, ವಿಐಪಿ ಅಂತ ಅದೇ ನಾಲ್ಕು ಜನ. ಅದಕ್ಕೇ ಕೇಸು ಟಿಫಿನ್ ಬ್ಯಾಗ್ ಹತ್ರನೇ ನಿಂತು ಹೋಗುತ್ತೆ, ಚಾರ್ಜ್‌ಶೀಟಲ್ಲಿ ಆರೋಪಿ ನಂಬರ್ 2 ಅಂತ ಒಂದು ಅಡ್ಡಹೆಸರು, ಮುಂದೆ "ತಲೆಮರೆಸಿಕೊಂಡಿದ್ದಾನೆ".

ಕಂಡಕ್ಟರ್ ಕುಡ್ಲ
ಮೇಡಂ, ಜೋಡಿಸಿದ್ದೂ ಉಂಟಲ್ಲ. ನಮ್ಮ ಮಂಗಳೂರು ಸಿಸಿಬಿ ಪೊಲೀಸ್ರು 2024ರಲ್ಲಿ ಪಂಪ್‌ವೆಲ್ ಹತ್ರ ಒಬ್ಬನನ್ನು ಹಿಡಿದದ್ದು ಬರೀ 15 ಗ್ರಾಂಗೆ. ಅಲ್ಲಿಗೇ ಬಿಟ್ಟಿದ್ರೆ ಪೇಪರಲ್ಲಿ ನಾಲ್ಕು ಸಾಲು. ಬಿಡ್ಲಿಲ್ಲ, ಅವನಿಗೆ ಕೊಟ್ಟ ನೈಜೀರಿಯಾದವನನ್ನು ಬೆಂಗಳೂರಲ್ಲಿ ಹಿಡಿದ್ರು, ಅವನ ಹತ್ರ 6 ಕೆಜಿ. ಅಲ್ಲಿಂದ ಮತ್ತೆ ಹಿಂದೆ ಹೋಗಿ 2025ರ ಮಾರ್ಚಲ್ಲಿ ಎಲೆಕ್ಟ್ರಾನಿಕ್ ಸಿಟಿ ಹತ್ರ ದಕ್ಷಿಣ ಆಫ್ರಿಕಾದ ಇಬ್ರು ಹೆಂಗಸರು, ಟ್ರಾಲಿ ಬ್ಯಾಗಲ್ಲಿ 37 ಕೆಜಿ ಮೇಲೆ, 75 ಕೋಟಿ ಮಾಲು ಅಂತ ಪೊಲೀಸ್ ಲೆಕ್ಕ. ದೆಹಲಿಯಿಂದ ವಿಮಾನದಲ್ಲೇ ತಂದದ್ದಂತೆ. ನಾವು ಇಲ್ಲಿ ಬಸ್ಸಲ್ಲಿ ಹುಡುಗರ ಚಡ್ಡಿ ಬಿಚ್ಚಿಸಿ ನೋಡ್ತಾ ಇದ್ದೇವೆ, 37 ಕೆಜಿ ಏರ್‌ಪೋರ್ಟಲ್ಲಿ ಉರುಳಿಕೊಂಡು ಬರ್ತಾ ಉಂಟು ಮಾರಾಯ್ರೆ.

ನೇರಮಾತು
ಇದು ಒಪ್ಪೋ ಮಾತು. 15 ಗ್ರಾಂನಿಂದ 37 ಕೆಜಿ ಅಂದ್ರೆ, ಸರಿ, ಗುಂಡು ಹೊಡೆದಿದ್ರೆ 15ಕ್ಕೇ ನಿಲ್ತಿತ್ತು. ಆ ಪಾಯಿಂಟ್ ನಿಮಗೆ. ಆದ್ರೂ ತಗೊಳ್ಳೋರ ಮೇಲೆ ಇಷ್ಟು ಕನಿಕರ ಯಾಕೆ, ಅವ್ರು ಕೊಳ್ಳೋದಕ್ಕೆ ತಾನೇ ಇವ್ರು ಮಾರೋದು?

ಬಿಟ್ಟವ
ನೇರಮಾತು ಅಣ್ಣಂಗೆ ನಾನು ಹೇಳ್ತೀನಿ. ಬಿಟ್ಟು ಎರಡು ವರ್ಷ ಎರಡು ತಿಂಗಳು. ನನಗೆ ಮೊದಲ ಸಲ ಯಾರೂ ಮಾರಲಿಲ್ಲ, ಸುಮ್ನೆ ಕೊಟ್ರು. ಸೆಮಿಸ್ಟರ್ ಎಕ್ಸಾಮು, ರಾತ್ರಿ ನಿದ್ದೆ ಬರಲ್ಲ ಓದ್ಬಹುದು ಅಂದ ರೂಮ್‌ಮೇಟು. ಓದಿದ್ದೂ ನಿಜ, ಪಾಸಾಗಿದ್ದೂ ನಿಜ, ಅದೇ ಮೋಸ. ಆರನೇ ತಿಂಗಳಿಗೆ ದುಡ್ಡಿಲ್ಲ. ಆಗ ಅವನೇ ಹೇಳಿದ, ಇದನ್ನ ಕಾಸರಗೋಡಿಗೆ ಮುಟ್ಟಿಸು, ನಿನ್ನ ಪಾಲು ಫ್ರೀ. ಸಂಬಳ ಇಲ್ಲ, ಕಮಿಷನ್ ಇಲ್ಲ, ನಿನ್ನ ಪಾಲು ಫ್ರೀ ಅಷ್ಟೇ. ಮೂರು ಸಲ ಹೋಗಿದ್ದೀನಿ ಆ ಗೇಟು ದಾಟಿ. ಕೊಟ್ಟವನ ನಿಜ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ, ಒಂದು ಲೊಕೇಶನ್ ಬರೋದು, ಒಂದು ಕಾಂಪೌಂಡ್ ಗೋಡೆ ಫೋಟೋ ಬರೋದು. ನನ್ನನ್ನ ಹಿಡಿದು ಎಷ್ಟು ಹೊಡೆದಿದ್ರೂ ನಾನು ಹೇಳಬಹುದಾಗಿದ್ದು ಆ ಗೋಡೆ ಬಣ್ಣ ಅಷ್ಟೇ. ಹಾಗಾಗಿ 12 ಗ್ರಾಂ ತಗೊಂಡು ಹೋಗೋನು ಮಾರೋನೋ ಸೇದೋನೋ ಅಂತ ಕೇಳಿದ್ರೆ ಎರಡೂ ಅವನೇ ಅಣ್ಣ.

ಅಮ್ಮ ಕಂಡುಹಿಡಿದಿದ್ದು ಹೇಗೆ ಗೊತ್ತಾ, ಟೂತ್‌ಬ್ರಶ್ ನೋಡಿ. ಹಲ್ಲು ಕಡಿದು ಕಡಿದು ಕೆನ್ನೆ ಒಳಗೆಲ್ಲ ಗಾಯ, ಬ್ರಶ್ ತುಂಬಾ ರಕ್ತ.

ನೈಟ್ ಡ್ಯೂಟಿ ಸಿಸ್ಟರ್
ಬಿಟ್ಟವ, ನೀನು ಬರ್ದದ್ದು ಓದಿ ಕಣ್ಣು ಒದ್ದೆ ಆಯ್ತಪ್ಪ. ನಾನು ಮನೋರೋಗ ವಾರ್ಡಿನಲ್ಲಿ ಇರುವುದು. ಮನೆಯವ್ರಿಗೆ ಒಂದು ಮಾತು ಹೇಳ್ಬೇಕು. ಹೆರಾಯಿನ್ ಬಿಡುವವ್ರಿಗೆ ಮೈಕೈ ನೋವು, ವಾಂತಿ ಬೇಧಿ, ನೋಡುವವ್ರಿಗೇ ಗೊತ್ತಾಗ್ತದೆ ಕಷ್ಟ ಪಡ್ತಿದ್ದಾನೆ ಅಂತ, ಅದಕ್ಕೆ ಬ್ಯುಪ್ರೆನಾರ್ಫಿನ್ ಅಂತ ಬದಲಿ ಮದ್ದೂ ಉಂಟು. ಈ ಹರಳಿನ ಸಾಮಾನಿಗೆ ಹಾಗೆ ಬದಲಿ ಮದ್ದು ಅಂತ ಇಲ್ಲ. ನಿಲ್ಲಿಸಿದ ಮೇಲೆ ಎರಡು ಮೂರು ದಿನ ಬರೀ ನಿದ್ದೆ, ಎದ್ರೆ ಬಕಬಕ ಊಟ. ಮನೆಯವ್ರು ಅಬ್ಬ ಸರಿ ಆದ, ಚೆನ್ನಾಗಿ ಉಣ್ತಾನೆ ನಿದ್ದೆ ಮಾಡ್ತಾನೆ ಅಂತ ಸಮಾಧಾನ ಪಡ್ತಾರೆ. ಅದರ ಮರುವಾರವೇ ಅಪಾಯದ್ದು. ಮನಸ್ಸು ಪೂರ್ತಿ ಪಾತಾಳಕ್ಕೆ ಇಳೀತದೆ, ಬದುಕಿ ಏನು ಪ್ರಯೋಜನ ಅನ್ನುವ ಮಾತು ಬರ್ತದೆ. ಆಗ ಒಬ್ಬನನ್ನೇ ಬಿಡ್ಬಾರ್ದು. ಇನ್ನು ಕೆಲವ್ರಿಗೆ ಸಂಶಯ ಶುರು ಆಗ್ತದೆ, ಗೋಡೆ ಆಚೆ ಯಾರೋ ಮಾತಾಡ್ತಾರೆ, ಫ್ಯಾನಲ್ಲಿ ಕ್ಯಾಮೆರಾ ಉಂಟು ಅಂತ. ಭೂತದ ಉಪದ್ರ ಅಂತ ನಾಲ್ಕು ಕಡೆ ಸುತ್ತಿ ಕಡೆಗೆ ನಮ್ಮಲ್ಲಿಗೆ ತರ್ತಾರೆ. ಹರಕೆ ಹೇಳಿ, ಬೇಡ ಅನ್ನುದಿಲ್ಲ, ಆದ್ರೆ ಮೊದ್ಲು ಇಲ್ಲಿಗೆ ಬನ್ನಿ.

ಪೊಲೀಸಿಗೆ ಹೇಳ್ತಾರೆ ಅಂತ ಹೆದರಿ ಬಾರದವ್ರೇ ಜಾಸ್ತಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಟದ ತೊಂದರೆಯೂ ಸೇರಿದೆ, ಚಿಕಿತ್ಸೆ ಗುಟ್ಟಾಗಿ ಇಡುವುದು ನಮ್ಮ ಜವಾಬ್ದಾರಿ. ಸರಪಳಿ ಹಾಕುವ, ಹೊಡೆಯುವ ಕೇಂದ್ರಗಳಿಗೆ ಸೇರಿಸ್ಬೇಡಿ, ಸರಪಳಿ ಹಾಕುವುದು ಅದೇ ಕಾಯ್ದೆಯಲ್ಲಿ ಅಪರಾಧ. ನಂಬರ್ ವಿಷಯದಲ್ಲೂ ಜನ ಗಲಿಬಿಲಿ ಮಾಡ್ಕೊಳ್ತಾರೆ: 1933 ಮಾನಸ್ ಅಂತ, ಅದು ಮಾರುವವ್ರ ಬಗ್ಗೆ ದೂರು ಕೊಡ್ಲಿಕ್ಕೆ, ನಾರ್ಕೋಟಿಕ್ಸ್ ಬ್ಯೂರೋದ್ದು. 14446 ಚಟ ಬಿಡಿಸುವ ಸಹಾಯದ್ದು. 14416 ಟೆಲಿ ಮಾನಸ್, ಅದು ಮನಸ್ಸಿನ ಕಷ್ಟಕ್ಕೆ. ಎರಡಕ್ಕೂ ಮಾನಸ್ ಅಂತಲೇ ಹೆಸರಿಟ್ಟವ್ರಿಗೆ ನಮಸ್ಕಾರ ಮಾಡ್ಬೇಕು.

ವಕೀಲಮ್ಮ
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸೆಕ್ಷನ್ 64ಎ ಅಂತ ಇದೆ. ಚಟಕ್ಕೆ ಬಿದ್ದವನ ಮೇಲೆ ಬರೀ ಸೇವನೆ ಕೇಸೋ ಸಣ್ಣ ಪ್ರಮಾಣದ ಕೇಸೋ ಇದ್ದು, ಅವನಾಗೇ ಚಿಕಿತ್ಸೆಗೆ ಮುಂದೆ ಬಂದ್ರೆ ಕೇಸಿಂದ ರಕ್ಷಣೆ ಕೇಳಬಹುದು. ಹೆಚ್ಚಿನವರಿಗೆ ಇದು ಇದೆ ಅಂತಲೇ ಗೊತ್ತಿಲ್ಲ, ದಂಡ ಕಟ್ಟಿ ಮುಗಿಸಿಬಿಡ್ತಾರೆ. 12 ಗ್ರಾಂಗೆ ಇದು ಅನ್ವಯ ಆಗಲ್ಲ, ಸುಳ್ಳು ಆಸೆ ಬೇಡ.

ಬಾಡಿಗೆ ರೂಮಿನವ
ನಮ್ದು ಕಾಲೇಜು ಹತ್ರ ಎಂಟು ರೂಮು. ಹುಡುಗರು ಒಳಗೆ ಏನ್ಮಾಡ್ತಾರೆ ಅಂತ ನಾವು ಹೇಗೆ ನೋಡೋದು ಸಾರ್, ನಮ್ಮ ಮೇಲೂ ಕೇಸ್ ಆಗುತ್ತಾ?

ವಕೀಲಮ್ಮ
ಗೊತ್ತಿದ್ದೂ ಬಿಟ್ರೆ ಆಗುತ್ತೆ, ಸೆಕ್ಷನ್ 25. ಗೊತ್ತಿಲ್ಲದಿದ್ರೆ ಆಗಲ್ಲ, ಆದ್ರೆ ಅದನ್ನ ಕೋರ್ಟಲ್ಲಿ ಹೇಳೋ ಸಂದರ್ಭ ಬರದೇ ಇರೋ ಹಾಗೆ ನೋಡ್ಕೊಳ್ಳಿ. ಆಧಾರ್ ಕಾಪಿ, ಅಪ್ಪ ಅಮ್ಮನ ನಂಬರ್ ಇಟ್ಕೊಳ್ಳಿ.

ಗೇಟಿನ ಹತ್ರದವ
ನಾಲ್ಕು ತಿಂಗಳಾದ ಮೇಲೆ ಬರೀತಾ ಇದ್ದೇನೆ, ಯಾರಾದ್ರೂ ಇನ್ನೂ ಈ ಥ್ರೆಡ್ ನೋಡ್ತಿದ್ರೆ. ಲ್ಯಾಬ್ ರಿಪೋರ್ಟ್ ಬಂತು. ವಕೀಲಮ್ಮ ಹೇಳಿದ ಹಾಗೇ ಆಯ್ತು, ಎಂಡಿಎಂಎ ಅಲ್ಲ, ಮೆಥಾಂಫೆಟಮಿನ್. ಮೊನ್ನೆ ಬೇಲಾಯ್ತು. ಖುಷಿ ಪಡುದಾ ಅಂತ ಗೊತ್ತಾಗುದಿಲ್ಲ, ಎರಡೂ ವಿಷವೇ, ಕಾಗದದಲ್ಲಿ ಹೆಸರು ಬೇರೆ ಬಂದದ್ದಕ್ಕೆ ಮನೆಗೆ ಬಂದ. ಒಂದೂವರೆ ಲಕ್ಷದವನಿಗೆ ದುಡ್ಡು ಕೊಡ್ಲಿಲ್ಲ, ಆದ್ರೆ ಕೇಸಿನ ಖರ್ಚಿಗೆ ಅಮ್ಮನ ಕರಿಮಣಿ ಹೋಯ್ತು, ನಾಲ್ಕು ಪವನಿಂದು.

ಕೊಟ್ಟವನು ಸಿಕ್ಕಲಿಲ್ಲ. ಕೇಳಿದ್ರೆ ಅಡ್ಡಹೆಸರು ಒಂದೇ, ಮೇಡಂ ಮೊದ್ಲೇ ಹೇಳಿದ್ರಲ್ಲ. ಹುಡುಗ ಬಂದ ಮೊದಲ ದಿನ ಅಂಗಳದಲ್ಲಿ ಕೂತು ನಮ್ಮ ನಾಯಿಯ ಮೈಯಿಂದ ಉಣುಗು ತೆಗೀತಾ ಇದ್ದ, ಎರಡು ಗಂಟೆ, ಯಾರ ಹತ್ರವೂ ಮಾತಿಲ್ಲ. ಫೋನು ಪೊಲೀಸರ ಹತ್ರವೇ ಉಂಟು. ಹೊಸ ಫೋನು ಬೇಡ ಅಂತ ಅವನೇ ಹೇಳಿದ್ದಾನೆ. ಸಿಸ್ಟರ್ ಬರ್ದದ್ದನ್ನು ನಾನು ಅವನ ಅಮ್ಮನಿಗೆ ಓದಿ ಹೇಳಿದೆ, ಈಗ ರಾತ್ರಿ ಅವನ ರೂಮಿನ ಬಾಗಿಲ ಹತ್ರ ಚಾಪೆ ಹಾಕಿ ಮಲಗ್ತಾರೆ. ಬುಧವಾರ ಡಾಕ್ಟ್ರ ಹತ್ರ ಎರಡನೇ ಸಲ ಹೋಗ್ಲಿಕ್ಕುಂಟು.

ಬೇಲಿನ ಕಂಡೀಷನ್ ಕೇಳಿ. ಪ್ರತಿ ಸೋಮವಾರ ಬೆಳಿಗ್ಗೆ ಆಚೆಯ ಠಾಣೆಗೆ ಹೋಗಿ ಸಹಿ ಹಾಕ್ಬೇಕು. ಅಂದ್ರೆ ಅದೇ ಗೇಟು, ಅದೇ ಲೈನ್ ಬಸ್ಸು. ಹಿಡಿದ ಜಾಗ ದಾಟಿಯೇ ಹೋಗ್ಬೇಕು. ಒಬ್ಬನೇ ಹೋಗ್ಲಿಕ್ಕೆ ಹೆದರ್ತಾನೆ, ಅಪ್ಪ ಇಲ್ಲ, ಅಮ್ಮನಿಗೆ ಬೀಡಿ ಬ್ರಾಂಚಿಗೆ ಹೋಗುವ ದಿನ ಅದೇ. ನಾನು ಮೊದಲ ವಾರ ಹೋಗಿ ಬಂದೆ, ಪ್ರತಿ ವಾರ ರಜೆ ಹಾಕ್ಲಿಕ್ಕೆ ಆಗುದಿಲ್ಲ.

ಬಿಟ್ಟವ
ಎರಡನೇ ಸೋಮವಾರ ನಾನು ಹೋಗ್ತೀನಿ ಅಣ್ಣ. ನನಗೂ ಆ ಗೇಟು ಒಂದ್ಸಲ ಸುಮ್ನೆ ದಾಟಬೇಕಿತ್ತು.

ಕಂಡಕ್ಟರ್ ಕುಡ್ಲ
ಸೋಮವಾರ ಎಷ್ಟು ಗಂಟೆಯ ಬಸ್ಸು? 8 ಗಂಟೆದ್ದಾದ್ರೆ ಅದು ನನ್ನದೇ ಟ್ರಿಪ್ಪು. ಮುಂದಿನ ಸೀಟಲ್ಲಿ, ನನ್ನ ಕಣ್ಣೆದುರಿಗೆ ಕೂರ್ಲಿಕ್ಕೆ ಹೇಳಿ. ಚೆಕ್ಕಿಂಗಿಗೆ ಹತ್ತಿದ್ರೆ ನಾನು ಮಾತಾಡ್ತೇನೆ. ಮತ್ತೆ ಚಿಲ್ಲರೆ ತರ್ಲಿಕ್ಕೆ ಹೇಳಿ, ಬೆಳಿಗ್ಗೆ ಬೆಳಿಗ್ಗೆ ಎಲ್ರೂ 500 ಕೊಡ್ತಾರೆ.